ಕಳೆದುಹೋದ ಒಂದು ಪರಿಮಳ

ಕಣ್ಣಿಗೆ ಕಂಡ ನೋಟವನ್ನು ಛಾಯಾಚಿತ್ರದಲ್ಲಿ ಸೆರೆಹಿಡಿಯಬಹುದು. ಕಿವಿಗೆ ಬಿದ್ದ ದನಿಯನ್ನು ಮುದ್ರಿಸಿಟ್ಟು ಬೇಕೆಂದಾಗ ಮತ್ತೆ ಕೇಳಬಹುದು. ಆದರೆ ಮೂಗಿಗೆ ಬಂದ ಪರಿಮಳವನ್ನು ಕಾಪಿಡುವ ಬಗೆ ಯಾವುದು? ನೂರು ವರ್ಷಗಳ ಹಿಂದೆ ಜನರನ್ನು ಮರುಳುಗೊಳಿಸಿದ ಒಂದು ಸುವಾಸನೆ ಹೇಗಿತ್ತೆಂದು ಇಂದು ನಾವು ತಿಳಿಯಬಯಸಿದರೆ ಅದಕ್ಕೆ ದಾರಿಯುಂಟೆ?

ದೊಡ್ಡಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಆವಿಯ ಒತ್ತಡದ ಪಾಠ ನಡೆದಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸಾರ್, ಮದುವೆ ಮನೆಯಲ್ಲಿ ಅತ್ತರು ಹಚ್ಚಿದಾಗ ಬರುವ ವಾಸನೆ ಒಂದು, ಮರುದಿನ ಅಂಗಿಯಲ್ಲಿ ಉಳಿದಿರುವ ವಾಸನೆ ಇನ್ನೊಂದು. ಅತ್ತರು ಅದೇ ಅಲ್ಲವೆ?" ಎಂದು ಕೇಳಿದನು. ಪ್ರಶ್ನೆ ಸೊಗಸಾಗಿತ್ತು. ಅದಕ್ಕೆ ಉತ್ತರ ಹೇಳಲು ನಾವು ಆರಿಸಿಕೊಂಡ ಉದಾಹರಣೆ ಇಂದು ಯಾವ ಅಂಗಡಿಯಲ್ಲಿಯೂ ದೊರೆಯದ ಒಂದು ಫ್ರೆಂಚ್ ಸುಗಂಧದ್ರವ್ಯ. ಅದರ ಹೆಸರು 'ಶೀಪ್ರ'. ದೊರೆಯದ ವಸ್ತುವನ್ನು ಉದಾಹರಣೆಯಾಗಿ ಕೊಡುವುದು ವಿಚಿತ್ರವೆಂದು ವಾಚಕರಿಗೆ ತೋರಬಹುದು. ಆದರೆ ಅದರ ಅಂಗಾಂಗಗಳ ಬಂಧುಬಳಗವೆಲ್ಲ ನಮ್ಮ ಸುತ್ತಮುತ್ತಲೇ ಇದೆಯೆಂಬುದು ಮುಂದೆ ತಿಳಿದುಬರುವುದು.

ದ್ವೀಪದ ಹೆಸರಿನ ಸುಗಂಧ

ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗದಲ್ಲಿರುವ ಸೈಪ್ರಸ್ ದ್ವೀಪವನ್ನು ಫ್ರೆಂಚರು 'ಶೀಪ್ರ' ಎಂದು ಕರೆಯುತ್ತಾರೆ. ಸುಗಂಧಕ್ಕೂ ಆ ದ್ವೀಪಕ್ಕೂ ನಂಟು ಬಹಳ ಹಳೆಯದು. ಅಲ್ಲಿನ ಪೈರ್ಗೋಸ್ ಎಂಬಲ್ಲಿ ನಡೆದ ಉತ್ಖನನದಲ್ಲಿ ಸುಮಾರು 4000 ವರ್ಷಗಳ ಹಿಂದೆ ಸುಗಂಧ ತಯಾರಿಸುತ್ತಿದ್ದ ನೆಲೆಯ ಕುರುಹುಗಳು ದೊರೆತಿವೆ. ದ್ವೀಪದ ಹೆಸರನ್ನು ಹೊತ್ತ ಪುಡಿಗಳೂ ಸುಗಂಧಜಲಗಳೂ ಯೂರೋಪಿನಲ್ಲಿ ಶತಮಾನಗಳ ಕಾಲ ಮಾರಾಟವಾಗುತ್ತಿದ್ದವು.

ಆದರೆ ನಾವು ಹೇಳಹೊರಟ ಶೀಪ್ರ 1917ರಲ್ಲಿ ಹೊರಬಂದುದು. ಅದನ್ನು ರಚಿಸಿದವನು ಫ್ರಾನ್ಸ್ವಾ ಕೊಟಿ. ಆತನು 1874ರಲ್ಲಿ ಕಾರ್ಸಿಕಾ ದ್ವೀಪದ ಅಜಾಕ್ಸಿಯೊ ಪಟ್ಟಣದಲ್ಲಿ ಹುಟ್ಟಿದನು. 1904ರಲ್ಲಿ ಗುಲಾಬಿಯ ಒಂದು ಸುಗಂಧದಿಂದ ಹೆಸರು ಗಳಿಸಿದನು. ಹೂವಿನಿಂದ ತೆಗೆದ ತೈಲಗಳ ಜೊತೆಗೆ ರಸಾಯನಶಾಲೆಯಲ್ಲಿ ತಯಾರಾದ ಹೊಸ ವಸ್ತುಗಳನ್ನು ಧೈರ್ಯವಾಗಿ ಬೆರೆಸಿದವರಲ್ಲಿ ಆತನೊಬ್ಬನು. ಸೀಸೆಯ ಅಂದವೂ ಮುಖ್ಯವೆಂದು ಬಗೆದು ರೆನೆ ಲಾಲೀಕ್ ಎಂಬ ಪ್ರಸಿದ್ಧ ಕಲಾವಿದನಿಂದ ಗಾಜಿನ ಸೀಸೆಗಳನ್ನು ರೂಪಿಸಿಸಿದನು.

ಶೀಪ್ರದಲ್ಲಿ ಆತನು ಒಂದು ಹೂವನ್ನಾಗಲಿ ಒಂದು ಹಣ್ಣನ್ನಾಗಲಿ ಅನುಕರಿಸಲಿಲ್ಲ. ಹುಳಿಹಣ್ಣಿನ ಸಿಪ್ಪೆಯ ಚುರುಕು, ಹೂವಿನ ಮಾರ್ದವ, ತೇವಗೊಂಡ ಕಾಡಿನ ನೆಲದ ಗಾಂಭೀರ್ಯ, ಈ ಮೂರನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸಿ ಒಂದೇ ಎಳೆಯಲ್ಲಿ ಪೋಣಿಸಿದನು. ಈ ಜೋಡಣೆ ಎಷ್ಟು ಯಶಸ್ವಿಯಾಯಿತೆಂದರೆ, ಅಂದಿನಿಂದ 'ಶೀಪ್ರ' ಎಂಬುದು ಒಂದು ಸೀಸೆಯ ಹೆಸರಾಗಿ ಉಳಿಯದೆ ಸುಗಂಧಗಳ ಒಂದು ವಂಶದ ಹೆಸರೇ ಆಯಿತು. 1919ರಲ್ಲಿ ಗೆರ್ಲೈನ್ ಸಂಸ್ಥೆಯ 'ಮಿತ್ಸುಕೊ' ಬಂದಿತು. ಅದೇ ಅಡಿಪಾಯದ ಮೇಲೆ ಪೀಚ್ ಹಣ್ಣಿನ ಕಂಪನ್ನು ಸೇರಿಸಿ ಕಟ್ಟಿದ ಸುಗಂಧ ಅದು. 1947ರ 'ಮಿಸ್ ದಿಯೋರ್' ಕೂಡ ಇದೇ ವಂಶದ್ದು.

ಮಕ್ಕಳು ಬಾಳಿದರು, ತಾಯಿ ಉಳಿಯಲಿಲ್ಲ. ಕೊಟಿ 1934ರಲ್ಲಿ ತೀರಿಕೊಂಡನು. ಆತನ ಸಂಸ್ಥೆ 1963ರಲ್ಲಿ ಅಮೆರಿಕದ ಫೈಜರ್ ಔಷಧ ಸಂಸ್ಥೆಯ ಒಡೆತನಕ್ಕೆ ಹೋಯಿತು. ಇಪ್ಪತ್ತನೆಯ ಶತಮಾನ ಮುಗಿಯುವ ಮೊದಲೇ ಶೀಪ್ರ ಅಂಗಡಿಗಳಿಂದ ಮರೆಯಾಯಿತು.

ಗ್ರಂಧಿಗೆ ಅಂಗಡಿಯಲ್ಲಿ ಶೀಪ್ರದ ನೆಂಟರು

ಶೀಪ್ರದ ಮುಖ್ಯ ಅಂಗಗಳು ಐದು: ಬೆರ್ಗಮಾಟ್ ಹಣ್ಣಿನ ಸಿಪ್ಪೆಯ ತೈಲ, ಜಾಜಿ ಮೊದಲಾದ ಹೂಗಳ ಸಾರ, ಓಕ್ ಮರದ ಮೇಲೆ ಬೆಳೆಯುವ 'ಓಕ್‌ಮಾಸ್', ಪಚ್ಚೆತೆನೆಯ ಕುಲದ ಎಲೆಯ ತೈಲ, ಲ್ಯಾಬ್ಡನಮ್ ಎಂಬ ಅಂಟು. ಇವುಗಳ ನೆಂಟರನ್ನು ಹುಡುಕಿ ತರುವಂತೆ ನಾವು ವಿದ್ಯಾರ್ಥಿಗಳಿಗೆ ಹೇಳಿದೆವು. ಎರಡು ದಿನಗಳಲ್ಲಿ ಪ್ರಯೋಗಶಾಲೆಯ ಮೇಜು ತುಂಬಿತು.

ಮೊದಲು ಬಂದುದು ದೇವನಹಳ್ಳಿಯ ಚಕ್ಕೋತ. ಬೆರ್ಗಮಾಟ್ ದಕ್ಷಿಣ ಇಟಲಿಯ ಕಲಾಬ್ರಿಯ ಪ್ರಾಂತದಲ್ಲಿ ಬೆಳೆಯುವ ಹಣ್ಣು. ಅದು ಹುಳಿಕಿತ್ತಳೆ ಹಾಗೂ ನಿಂಬೆಗಳ ಮಿಶ್ರಸಂತಾನ. ಹುಳಿಕಿತ್ತಳೆಯಾದರೋ ಚಕ್ಕೋತ ಮತ್ತು ಮ್ಯಾಂಡರಿನ್ ಕಿತ್ತಳೆಗಳ ಸಂಕರದಿಂದ ಹುಟ್ಟಿದುದೆಂದು ವಂಶವಾಹಿಗಳ ಪರೀಕ್ಷೆಯಿಂದ ತಿಳಿದುಬಂದಿದೆ. ಎಂದಮೇಲೆ ಚಕ್ಕೋತವು ಬೆರ್ಗಮಾಟಿಗೆ ಅಜ್ಜನ ಸ್ಥಾನದಲ್ಲಿದೆ. ಸಿಪ್ಪೆಯನ್ನು ಬಾಗಿಸಿ ಹಿಸುಕಿದರೆ ಸಿಡಿಯುವ ಸಣ್ಣ ತುಂತುರಿನಲ್ಲಿ ಎರಡಕ್ಕೂ ಸಮಾನವಾದ 'ಲಿಮೊನೀನ್' ಎಂಬ ವಸ್ತುವಿದೆ.

ಜಾಜಿಯನ್ನು ಹುಡುಕುವ ಕಷ್ಟವಿರಲಿಲ್ಲ. ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದ ಸುತ್ತ ಸುಗಂಧಕ್ಕಾಗಿ ಬೆಳೆಸುವ ಹೂವೂ ನಮ್ಮ ಜಾಜಿಯೂ ಒಂದೇ ಜಾತಿಯವು. ಕೊಯ್ದ ಮೇಲೆಯೂ ಗಂಟೆಗಟ್ಟಲೆ ಕಂಪನ್ನು ಬಿಡುತ್ತಲೇ ಇರುವುದು ಈ ಹೂವಿನ ವೈಶಿಷ್ಟ್ಯ. ಆದುದರಿಂದಲೇ ಗ್ರಾಸ್‌ನವರು ಹಿಂದೆ ಗಾಜಿನ ಹಲಗೆಗೆ ಕೊಬ್ಬು ಸವರಿ, ಅದರ ಮೇಲೆ ಹೂಗಳನ್ನು ಹರಡಿ, ಕಂಪೆಲ್ಲ ಕೊಬ್ಬಿಗೆ ಇಳಿಯುವಂತೆ ಮಾಡುತ್ತಿದ್ದರು.

ಓಕ್‌ಮಾಸ್ ಎಂಬ ಹೆಸರನ್ನು ಕೇಳಿ ಅದನ್ನು ಪಾಚಿಯೆಂದು ತಿಳಿಯಬಾರದು. ಅದು ಶಿಲಾವಲ್ಕ, ಶಿಲೀಂಧ್ರವೂ ಶೈವಲವೂ ಕೂಡಿ ಬಾಳುವ ಜೋಡಿಜೀವ. ದೊಡ್ಡಬಳ್ಳಾಪುರದ ಗ್ರಂಧಿಗೆ ಅಂಗಡಿಯಿಂದ ಹುಡುಗನೊಬ್ಬನು ತಂದ ಕಲ್ಲುಹೂವು ಅದೇ ಕುಟುಂಬಕ್ಕೆ ಸೇರಿದ್ದು. ಮಸಾಲೆಗೆ ಹಾಕುವ ಈ ಬೂದುಬಣ್ಣದ ಚೂರುಗಳನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಒಣಗಿದ ತೊಗಟೆಯ, ಮಳೆ ಬಿದ್ದ ನೆಲದ ಮಂದವಾದ ವಾಸನೆ ಬರುತ್ತದೆ. ಶೀಪ್ರದ ತಳದಲ್ಲಿದ್ದ ಕಾಡು ಇಂಥದೇ ವಾಸನೆಯದು.

ಪಚ್ಚೆತೆನೆಯನ್ನು ಒಬ್ಬಳು ಮನೆಯ ಹಿತ್ತಲಿನಿಂದ ಕಿತ್ತು ತಂದಳು. ಲ್ಯಾಬ್ಡನಮ್ ಮಾತ್ರ ನಮ್ಮಲ್ಲಿ ಸಿಕ್ಕದು. ಮೆಡಿಟರೇನಿಯನ್ ತೀರದ ಸಿಸ್ಟಸ್ ಎಂಬ ಪೊದೆಯಿಂದ ಒಸರುವ ಅಂಟು ಅದು. ಪೊದೆಗಳ ನಡುವೆ ಮೇಯುವ ಆಡುಗಳ ಗಡ್ಡಕ್ಕೆ ಅಂಟಿಕೊಂಡುದನ್ನು ಹಿಂದಿನವರು ಬಾಚಿ ತೆಗೆಯುತ್ತಿದ್ದರು. ಅದರ ಬದಲಿಗೆ ಸಾಂಬ್ರಾಣಿಯನ್ನು ಇಟ್ಟುಕೊಂಡೆವು. ಇವೆಲ್ಲದರ ಜೊತೆಗೆ ನಮ್ಮ ನಾಡಿನ ಹೆಮ್ಮೆಯಾದ ಶ್ರೀಗಂಧದ ಎಣ್ಣೆಯ ಒಂದು ಚಿಕ್ಕ ಸೀಸೆಯನ್ನೂ ಇಟ್ಟೆವು.

ಕಾಗದದ ಪಟ್ಟಿಯ ಪ್ರಯೋಗ

ಒತ್ತುಕಾಗದವನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೆ ಚಕ್ಕೋತದ ಸಿಪ್ಪೆಯ ತುಂತುರನ್ನೂ ಇನ್ನೊಂದರ ಮೇಲೆ ಶ್ರೀಗಂಧದ ಎಣ್ಣೆಯ ಒಂದು ಹನಿಯನ್ನೂ ಹಾಕಿದೆವು. ಹತ್ತು ನಿಮಿಷಕ್ಕೊಮ್ಮೆ ಮೂಸಿ ಬರೆದಿಡುವ ಕೆಲಸ ವಿದ್ಯಾರ್ಥಿಗಳದು. ಮೊದಲು ಚಕ್ಕೋತದ ಕಂಪು ಕೊಠಡಿಯನ್ನೆಲ್ಲ ತುಂಬಿತು. ಶ್ರೀಗಂಧದ ಕಂಪು ಪಟ್ಟಿಯನ್ನು ಮೂಗಿನ ಬಳಿಗೆ ತಂದವರಿಗೆ ಮಾತ್ರ ತಿಳಿಯಿತು. ಪಾಠದ ಅವಧಿ ಮುಗಿಯುವ ವೇಳೆಗೆ ಚಕ್ಕೋತದ ಪಟ್ಟಿ ಬರಿಯ ಕಾಗದವಾಗಿತ್ತು. ಶ್ರೀಗಂಧದ ಪಟ್ಟಿಯಾದರೋ ಮರುವಾರವೂ ಕಂಪನ್ನು ಬಿಡುತ್ತಿತ್ತು.

ಇದರ ಕಾರಣವೇನು? "ಶ್ರೀಗಂಧದ ಅಣು ಭಾರವಾದದ್ದು, ಆದ್ದರಿಂದ ನಿಧಾನವಾಗಿ ಓಡುತ್ತದೆ" ಎಂದು ಹಲವರು ಹೇಳಿದರು. ಲೆಕ್ಕ ಹಾಕಿ ನೋಡೋಣ. ಲಿಮೊನೀನಿನ ಅಣುತೂಕ 136. ಶ್ರೀಗಂಧದ ಎಣ್ಣೆಯ ಮುಖ್ಯಾಂಶವಾದ ಸ್ಯಾಂಟಲಾಲಿನದು 220. ಅನಿಲಗಳ ಚಲನ ಸಿದ್ಧಾಂತದ ಪ್ರಕಾರ 27 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಮೊದಲನೆಯ ಅಣುವಿನ ವೇಗ ಸೆಕೆಂಡಿಗೆ ಸುಮಾರು 235 ಮೀಟರು, ಎರಡನೆಯದರದು ಸುಮಾರು 184 ಮೀಟರು. ವ್ಯತ್ಯಾಸ ಕಾಲುಭಾಗಕ್ಕಿಂತಲೂ ಕಡಿಮೆ. ಒಂದು ಗಂಟೆಗೂ ಒಂದು ವಾರಕ್ಕೂ ಇರುವ ಅಂತರವನ್ನು ಇದು ವಿವರಿಸಲಾರದು.

ನಿಜವಾದ ಕಾರಣ ಬೇರೆ. ಅಣು ಓಡುವುದಕ್ಕೆ ಮೊದಲು ದ್ರವದಿಂದ ಬಿಡಿಸಿಕೊಳ್ಳಬೇಕು. ದ್ರವದೊಳಗೆ ನೆರೆಯ ಅಣುಗಳೆಲ್ಲ ಅದನ್ನು ಹಿಡಿದೆಳೆಯುತ್ತಿರುತ್ತವೆ. ಸ್ಯಾಂಟಲಾಲಿನ ಅಣು ದೊಡ್ಡದು. ಮೇಲಾಗಿ ಅದರಲ್ಲಿರುವ ಆಮ್ಲಜನಕ–ಜಲಜನಕಗಳ ಗುಂಪು ನೆರೆಯ ಅಣುವನ್ನು ಕೈಹಿಡಿದಂತೆ ಬಂಧಿಸುತ್ತದೆ. ಈ ಹಿಡಿತವನ್ನು ಕಡಿದು ಹೊರಬರಲು ಸಾಕಾಗುವಷ್ಟು ಶಕ್ತಿ ಯಾವುದೇ ಕ್ಷಣದಲ್ಲಿ ಕೆಲವೇ ಅಣುಗಳಿಗೆ ಇರುತ್ತದೆ. ಬೇಕಾದ ಶಕ್ತಿ ಸ್ವಲ್ಪ ಹೆಚ್ಚಿದರೆ ಅಂಥ ಅಣುಗಳ ಸಂಖ್ಯೆ ಸ್ವಲ್ಪವಲ್ಲ, ಹಲವು ಪಟ್ಟು ಇಳಿಯುತ್ತದೆ. ಲಿಮೊನೀನ್ ಕುದಿಯುವುದು 176 ಡಿಗ್ರಿಯಲ್ಲಿ, ಸ್ಯಾಂಟಲಾಲ್ ಸುಮಾರು 300 ಡಿಗ್ರಿಯಲ್ಲಿ. ಕೋಣೆಯ ಉಷ್ಣತೆಯಲ್ಲಿ ಅವುಗಳ ಆವಿಯ ಒತ್ತಡಗಳಿಗೆ ಸಾವಿರಾರು ಪಟ್ಟು ಅಂತರವಿದೆ.

ಸುಗಂಧ ರಚಿಸುವವರು ಈ ನಿಯಮವನ್ನೇ ಸಂಗೀತಗಾರರಂತೆ ಬಳಸಿಕೊಳ್ಳುತ್ತಾರೆ. ಹಚ್ಚಿದೊಡನೆ ಮದ್ಯಸಾರ ಹಾರಿಹೋಗುತ್ತದೆ. ಮೊದಲ ಗಳಿಗೆಯಲ್ಲಿ ಸಿಪ್ಪೆಯ ತೈಲಗಳು ಕೇಳಿಸುತ್ತವೆ, ಆಮೇಲೆ ಹೂಗಳು, ಕೊನೆಗೆ ಮರ, ಅಂಟು, ಶಿಲಾವಲ್ಕಗಳು ಉಳಿಯುತ್ತವೆ. ನಮ್ಮ ವಿದ್ಯಾರ್ಥಿಯ ಅಂಗಿಯಲ್ಲಿ ಮರುದಿನ ಉಳಿದಿದ್ದುದು ಈ ಕೊನೆಯ ಗುಂಪು. ಶೀಪ್ರವು ಒಂದು ವಾಸನೆಯಲ್ಲ, ಇಡೀ ದಿನ ನಡೆಯುವ ಒಂದು ಮೆರವಣಿಗೆ.

ಇಲ್ಲಿ ಇನ್ನೊಂದು ಸ್ವಾರಸ್ಯವೂ ಉಂಟು. ಮೂರನೆಯ ಪಟ್ಟಿಯಲ್ಲಿ ಶ್ರೀಗಂಧದ ಎಣ್ಣೆಯ ಮೇಲೆಯೇ ಚಕ್ಕೋತದ ತುಂತುರನ್ನು ಹಾಕಿದೆವು. ಅದರಲ್ಲಿ ಹಣ್ಣಿನ ಕಂಪು ಹೆಚ್ಚು ಹೊತ್ತು ನಿಂತಿತು. ರೌಲ್ ಎಂಬ ಫ್ರೆಂಚ್ ವಿಜ್ಞಾನಿಯ ನಿಯಮವನ್ನು ಓದಿದವರಿಗೆ ಇದರ ಮರ್ಮ ತಿಳಿಯುವುದು. ಮಿಶ್ರಣದಲ್ಲಿ ಒಂದು ವಸ್ತುವಿನ ಪಾಲು ಹತ್ತರಲ್ಲಿ ಒಂದಾದರೆ ಅದರ ಆವಿಯ ಒತ್ತಡವೂ ಸುಮಾರಾಗಿ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ನಿಧಾನವಾಗಿ ಹೋಗುವವನು ಅವಸರದವನನ್ನೂ ತಡೆದು ನಿಲ್ಲಿಸುತ್ತಾನೆ. ಶ್ರೀಗಂಧದ ಎಣ್ಣೆಯನ್ನು ಜಗತ್ತಿನ ಸುಗಂಧಕಾರರೆಲ್ಲ ಬಯಸಿದುದಕ್ಕೆ ಅದರ ಸೊಗಸಾದ ಕಂಪಿನ ಜೊತೆಗೆ ಈ ಗುಣವೂ ಕಾರಣ.

ಸೂತ್ರವಿದ್ದರೆ ಸಾಲದೆ?

ಇಷ್ಟು ತಿಳಿದ ಮೇಲೆ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಯಾವುದು ಎಷ್ಟು ಎಂದು ಬರೆದಿಟ್ಟಿದ್ದರೆ ಶೀಪ್ರವನ್ನು ಮತ್ತೆ ಮಾಡಬಹುದಲ್ಲ?"

ಮಾಡಿದವರಿದ್ದಾರೆ. ಪ್ಯಾರಿಸ್ಸಿನ ಸಮೀಪದ ವರ್ಸೇಲ್ಸ್‌ನಲ್ಲಿ 'ಆಸ್ಮೊಥೆಕ್' ಎಂಬ ಸಂಸ್ಥೆಯಿದೆ. ಗ್ರಂಥಾಲಯ ಪುಸ್ತಕಗಳಿಗೆ ಹೇಗೋ ಹಾಗೆ ಅದು ಪರಿಮಳಗಳಿಗೆ. ಜ್ಯಾನ್ ಕೆರ್ಲೆಯೊ ಎಂಬ ಸುಗಂಧಕಾರನೂ ಆತನ ಸಂಗಡಿಗರೂ 1990ರಲ್ಲಿ ಇದನ್ನು ಸ್ಥಾಪಿಸಿದರು. ಮಾರುಕಟ್ಟೆಯಿಂದ ಮರೆಯಾದ ನೂರಾರು ಸುಗಂಧಗಳು, ಕೊಟಿಯ ಶೀಪ್ರವೂ ಸೇರಿದಂತೆ, ಅಲ್ಲಿನ ನೆಲಮಾಳಿಗೆಯಲ್ಲಿವೆ. ಕತ್ತಲೆಯಲ್ಲಿ, 12 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಆರ್ಗಾನ್ ಅನಿಲದ ಹೊದಿಕೆಯಡಿಯಲ್ಲಿ ಅವುಗಳನ್ನು ಇಟ್ಟಿದ್ದಾರೆ.

ಈ ಮೂರು ಏರ್ಪಾಡುಗಳ ಹಿಂದಿರುವ ವಿಜ್ಞಾನ ಸರಳವಾದದ್ದು. ಲಿಮೊನೀನಿನಂಥ ವಸ್ತುಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಕೆಡುತ್ತವೆ. ಬೆಳಕು ಈ ಕ್ರಿಯೆಗೆ ನೆರವಾಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಅರ್ಧವಾಗುತ್ತದೆಂಬ ಸ್ಥೂಲ ನಿಯಮವಿದೆ. ನಮ್ಮೂರಿನ 28 ಡಿಗ್ರಿಯ ಕೋಣೆಯಲ್ಲಿ ಒಂದು ವರ್ಷದಲ್ಲಿ ಕೆಡುವುದು ಅಲ್ಲಿ ಕೆಡಲು ಸುಮಾರು ಮೂರು ವರ್ಷ ಬೇಕು. ಯಾವುದರೊಡನೆಯೂ ಕೂಡದ ಜಡ ಅನಿಲವಾದ ಆರ್ಗಾನ್ ಆಮ್ಲಜನಕವನ್ನು ಸೀಸೆಯಿಂದ ಹೊರಗಿಡುತ್ತದೆ. ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ದೊರೆಯುವ ಅರೆಬರಿದಾದ ಸೀಸೆಗಳಲ್ಲಿ ಈ ರಕ್ಷಣೆ ಇರುವುದಿಲ್ಲವಾದ್ದರಿಂದ ಮೊದಲ ಕಂಪು ಹಳಸಿ ತಳದ ಕಂಪಷ್ಟೇ ಸಾಕ್ಷಿಯಾಗಿ ಉಳಿದಿರುತ್ತದೆ.

ಆದರೂ ಆಸ್ಮೊಥೆಕ್‌ನ ಶೀಪ್ರ ಮಾರಾಟಕ್ಕಿಲ್ಲ. ಮೈಗೆ ಹಚ್ಚಿಕೊಳ್ಳಲೂ ಇಲ್ಲ. ಕಾಗದದ ಪಟ್ಟಿಯ ಮೇಲೆ ಮೂಸಬಹುದು, ಅಷ್ಟೆ. ಅದಕ್ಕೆ ಕಾರಣ ಓಕ್‌ಮಾಸ್. ಅದರ ಸಾರದಲ್ಲಿರುವ ಅಟ್ರನಾಲ್, ಕ್ಲೋರೊಅಟ್ರನಾಲ್ ಎಂಬ ವಸ್ತುಗಳು ಕೆಲವರ ಚರ್ಮಕ್ಕೆ ತುರಿಕೆ, ಉರಿಗಳನ್ನು ತರುತ್ತವೆಂದು ವೈದ್ಯರು ಕಂಡುಕೊಂಡರು. ಒಮ್ಮೆ ಒಗ್ಗದಾದ ಮೈಗೆ ಮುಂದೆ ಅತ್ಯಲ್ಪ ಪ್ರಮಾಣವೂ ಸಾಕು. ಯೂರೋಪಿನ ಒಕ್ಕೂಟವು 2017ರಲ್ಲಿ ಈ ವಸ್ತುಗಳನ್ನು ನಿಷೇಧಿಸುವ ನಿಯಮ ಮಾಡಿತು. 2021ರ ಆಗಸ್ಟ್ ತಿಂಗಳ ಬಳಿಕ ಅವನ್ನು ಒಳಗೊಂಡ ಸರಕು ಅಲ್ಲಿ ಮಾರುವಂತಿಲ್ಲ. ಅವನ್ನು ಬೇರ್ಪಡಿಸಿದ ಓಕ್‌ಮಾಸ್ ಈಗ ದೊರೆಯುತ್ತದೆ. ಆದರೆ ತೆಗೆದ ವಸ್ತುವಿನ ಜೊತೆಗೆ ವಾಸನೆಯ ಒಂದಂಶವೂ ಹೋಗಿದೆಯೆಂದು ಬಲ್ಲವರು ಹೇಳುತ್ತಾರೆ.

ಇಲ್ಲಿ ಯಾರನ್ನು ದೂರೋಣ? ಸೌಂದರ್ಯಕ್ಕಾಗಿ ಒಬ್ಬರ ಮೈ ಉರಿಯಲಿ ಎನ್ನುವುದು ಸರಿಯಲ್ಲ. ನಿಷೇಧ ನ್ಯಾಯವಾದದ್ದೇ, ನಷ್ಟವೂ ನಿಜವೇ. 1917ರ ಸೂತ್ರದಲ್ಲಿ 'ಓಕ್‌ಮಾಸ್' ಎಂದು ಬರೆದ ಪದಕ್ಕೂ ಇಂದಿನ ಓಕ್‌ಮಾಸಿಗೂ ಅರ್ಥ ಒಂದೇ ಅಲ್ಲ. ಸೂತ್ರವೆಂಬುದು ಅಡುಗೆಯ ಪಟ್ಟಿಯಂತೆ. ಅದರಲ್ಲಿ ಹೇಳಿದ ಧಾನ್ಯವನ್ನು ಬೆಳೆಯುವ ಹೊಲವೇ ಇಲ್ಲವಾದರೆ ಪಟ್ಟಿಯನ್ನು ಓದಿ ಹಸಿವು ತೀರುವುದಿಲ್ಲ.

ಯಂತ್ರಗಳು ಈ ಕೊರತೆಯನ್ನು ತುಂಬಲಾರವೆ? ಇಂದು ವರ್ಣಲೇಖನ ಯಂತ್ರಕ್ಕೆ ಒಂದು ಹನಿ ಕೊಟ್ಟರೆ ಅದರಲ್ಲಿರುವ ನೂರಾರು ವಸ್ತುಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಆದರೆ ಅದು ಹೆಸರುಗಳ ಪಟ್ಟಿ, ಪರಿಮಳವಲ್ಲ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಇವುಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಂದೊಂದು ವಸ್ತುವೂ ಹಲವು ಗ್ರಾಹಕಗಳನ್ನು ಮೀಟುತ್ತದೆ. ಒಂದೊಂದು ಗ್ರಾಹಕವೂ ಹಲವು ವಸ್ತುಗಳಿಗೆ ಓಗೊಡುತ್ತದೆ. ಜಾಜಿಯಲ್ಲಿರುವ ಇಂಡೋಲ್ ಎಂಬ ವಸ್ತು ಹೆಚ್ಚಾದರೆ ಹೊಲಸು ನಾತ. ಲೇಶಮಾತ್ರವಿದ್ದರೆ ಹೂವಿಗೆ ಜೀವಕಳೆ. ಇಂಥ ಸೂಕ್ಷ್ಮವನ್ನು ತೂಗಿ ನೋಡುವ ಕೊನೆಯ ತಕ್ಕಡಿ ಇಂದಿಗೂ ಮೂಗೇ.

ನಮ್ಮ ಮನೆಯ ಮಾತು

ಶೀಪ್ರ ಹುಟ್ಟಿದ ಮಹಾಯುದ್ಧದ ಕಾಲದಲ್ಲಿಯೇ ನಮ್ಮ ನಾಡಿನಲ್ಲಿ ಶ್ರೀಗಂಧದ ಎಣ್ಣೆಯ ಉದ್ಯಮ ಹುಟ್ಟಿತೆಂಬುದು ಗಮನಾರ್ಹ. ಅದುವರೆಗೆ ಮೈಸೂರಿನ ಗಂಧದ ಕೊರಡುಗಳು ಜರ್ಮನಿಗೆ ಹೋಗಿ ಅಲ್ಲಿ ಭಟ್ಟಿ ಇಳಿಯುತ್ತಿದ್ದವು. 1914ರಲ್ಲಿ ಯುದ್ಧ ತೊಡಗಿ ಆ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಪ್ರಯೋಗ ನಡೆಸಿ, ಎಣ್ಣೆಯನ್ನು ಇಲ್ಲಿಯೇ ತೆಗೆಯಬಹುದೆಂದು ತೋರಿಸಿದರು. ಮೈಸೂರು ಸರ್ಕಾರದ ಕಾರ್ಖಾನೆ ಅದರ ಫಲ. ಮುಂದೆ ಬಂದ ಸಾಬೂನು ಎಲ್ಲರಿಗೂ ಪರಿಚಿತವಾದದ್ದು.

ಆದರೆ ಶ್ರೀಗಂಧದ ಮರವೂ ಈಗ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯಕ್ಕೆ ಈಡಾಗಬಹುದಾದ ಜಾತಿಯೆಂದು ಎಣಿಕೆಗೊಂಡಿದೆ. ಕಳ್ಳಸಾಗಣೆಯೂ ಕಡ್ಡಿರೋಗವೂ ಕಾಡುಗಳನ್ನು ಬರಿದುಮಾಡಿದವು. ತನ್ನ ನೆಲದಲ್ಲಿ ಬೆಳೆದ ಗಂಧದ ಮರ ರೈತನದೇ ಎಂದು ಕರ್ನಾಟಕದಲ್ಲಿ 2001ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಹೊಲಗಳಲ್ಲಿ ನೆಡುವುದು ಹೆಚ್ಚಿದೆ. ಆದರೆ ಎಣ್ಣೆ ತುಂಬಿದ ಚೇಗು ಕೂಡಲು ಹಲವು ವರ್ಷಗಳು ಬೇಕು.

ಪ್ರಯೋಗ ಮುಗಿದ ದಿನ ಮೇಜನ್ನು ತೆರವುಮಾಡುತ್ತಿದ್ದಾಗ, ಸೂತ್ರದ ಪ್ರಶ್ನೆ ಕೇಳಿದ ಹುಡುಗಿಯೇ ಚಕ್ಕೋತದ ಸಿಪ್ಪೆಗಳನ್ನು ಎಸೆಯದೆ ಕಾಗದದಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಹಣ್ಣನ್ನು ತಂದವಳೂ ಅವಳೇ. ಅವಳ ತಾತನ ತೋಟ ದೇವನಹಳ್ಳಿಯ ಬಳಿಯದು. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಆ ಸುತ್ತಿನ ಭೂಮಿಯ ಬೆಲೆ ಏರಿತು, ತೋಟಗಳು ನಿವೇಶನಗಳಾದವು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಚಕ್ಕೋತದ ಮರಗಳು ಈಗ ಅಲ್ಲಲ್ಲಿ ಮಾತ್ರ ನಿಂತಿವೆ. "ನಮ್ಮಲ್ಲಿ ಉಳಿದಿರೋದು ಎರಡೇ ಮರ ಸಾರ್. ಅದನ್ನೂ ಈ ವರ್ಷ ತೆಗೀತಾರಂತೆ" ಎಂದಳು.

ಸಿಪ್ಪೆಯಿಂದ ಏನು ಮಾಡುವೆ ಎಂದು ಕೇಳಿದೆವು. ಮುಚ್ಚಳ ಬಿಗಿಯಾದ ಸೀಸೆಯೊಂದರಲ್ಲಿ ಅದರ ಎಣ್ಣೆಯನ್ನು ಹಿಡಿದು ತಂಪಾದ ಕತ್ತಲೆಯಲ್ಲಿ ಇಡುವುದಾಗಿ ಹೇಳಿದಳು. ಆರ್ಗಾನ್ ನಮ್ಮ ಪ್ರಯೋಗಶಾಲೆಯಲ್ಲಿ ಇರಲಿಲ್ಲ. ಸೀಸೆಯನ್ನು ಕುತ್ತಿಗೆಯವರೆಗೆ ತುಂಬಿದರೆ ಗಾಳಿಗೆ ಎಡೆಯಿರುವುದಿಲ್ಲವೆಂದು ತಿಳಿಸಿ, ನಮ್ಮಲ್ಲಿದ್ದ ಅತ್ಯಂತ ಚಿಕ್ಕ ಸೀಸೆಯನ್ನು ಆಕೆಗೆ ಕೊಟ್ಟೆವು. ಎರಡು ಬೀಜಗಳನ್ನು ಕಾಲೇಜಿನ ಹಿಂದಿನ ಅಂಗಳದಲ್ಲಿ ನೆಡುವಂತೆಯೂ ಹೇಳಿದೆವು. ಬೀಜದಿಂದ ಬಂದ ಗಿಡ ತಾಯಿಮರವನ್ನೇ ಹೋಲುವುದೆಂಬ ಭರವಸೆಯಿಲ್ಲವೆಂದು ಸಸ್ಯಶಾಸ್ತ್ರದ ನಮ್ಮ ಮಿತ್ರರು ಎಚ್ಚರಿಸಿದರು. ಆದುದರಿಂದ ಮುಂದಿನ ಭಾನುವಾರ ವಿದ್ಯಾರ್ಥಿಗಳೆಲ್ಲ ಅವರೊಡನೆ ಆ ತೋಟಕ್ಕೆ ಹೋಗಿ, ಉಳಿದಿರುವ ಎರಡು ಮರಗಳಿಂದ ಕಸಿಯ ಕಡ್ಡಿಗಳನ್ನು ತರುವುದೆಂದು ನಿಶ್ಚಯವಾಗಿದೆ.